ಅರ್ಧಕ್ಕೆ ನಿಂತ ವಿಮಾನ ಕೊಳ್ಳುವ ಮುನ್ನ

ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ಎಂಬ ಪುಟ್ಟ ವಿಮಾನಗಳು ಇಂಗ್ಲೆಂಡು, ಫ್ರಾನ್ಸಿಗೆಲ್ಲ ಕಿಟ್ ರೂಪದಲ್ಲಿ ಹೋಗಿವೆ. ಅಲ್ಯುಮಿನಿಯಂ ಕೊಳವೆ, ಮೇಲೆ ಡೇಕ್ರಾನ್ ಬಟ್ಟೆಯ ಹೊದಿಕೆ, ಒಂದು ಸಣ್ಣ ಎಂಜಿನ್. ಒಂದು ಮಾದರಿಗೆ ಹನುಮಾನ್ ಎಂದೇ ಹೆಸರು. ಅಲ್ಲಿನ ಹವ್ಯಾಸಿಗಳು ಇವನ್ನು ಶೆಡ್ಡಿನಲ್ಲಿ ತಾವೇ ಜೋಡಿಸಿ ಹಾರಿಸಿದರು. ನಮ್ಮಲ್ಲಿ ಮಾತ್ರ ವಿಮಾನ ಕಟ್ಟುವುದೆಂದರೆ ಇನ್ನೂ ದೊಡ್ಡ ಕಾರ್ಖಾನೆಯ ಕೆಲಸ. ಆ ಕಾರ್ಖಾನೆಯೂ ನಮ್ಮೂರು ಶೆಟ್ಟಿಕೆರೆಗೆ ಈಗ ದೂರವೇನಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಘಟಕ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಕೈ ಪಳಗಿದ ನಮ್ಮ ಕಡೆಯ ಹುಡುಗರು ನಾಳೆ ತಮ್ಮದೇ ವಿಮಾನ ಕಟ್ಟುವ ಆಸೆಪಟ್ಟರೆ ನನಗೆ ತುಂಬಾ ಸಂತೋಷ. ಅಂಥವರ ಕಣ್ಣಿಗೆ ಮೊದಲು ಬೀಳುವುದೇ ಯಾರೋ ಅರ್ಧ ಕಟ್ಟಿ ಮಾರಾಟಕ್ಕಿಟ್ಟ ವಿಮಾನ. ಬೆಲೆಯೂ ಕಡಿಮೆ.

ಲೋಹದ ಕಿಟ್ ವಿಮಾನ ಮುಗಿಸಲು ಸಾವಿರ, ಎರಡು ಸಾವಿರ ಗಂಟೆ ಕೈಕೆಲಸ ಬೇಕು. ಸಂಜೆ, ಭಾನುವಾರ ಎಂದು ಹೊಂದಿಸಿಕೊಂಡವರಿಗೆ ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ವರ್ಗಾವಣೆ, ಮಕ್ಕಳ ಓದು, ಕಾಯಿಲೆ, ಸಾವು ಏನಾದರೂ ಅಡ್ಡ ಬರುತ್ತದೆ. ಬಾಲ ಮುಗಿದು, ರೆಕ್ಕೆ ಅರೆಬರೆಯಾಗಿ ಕೆಲಸ ನಿಲ್ಲುತ್ತದೆ. ಮಾರುವವನು ಸುರಿಸಿದ ಬೆವರಿಗೂ ಬೆಲೆ ಕೇಳುವುದು ಸಹಜ. ಆದರೆ ದಾಖಲೆಯಿಲ್ಲದ ಬೆವರಿಗೆ ಬೆಲೆ ಕೊಡಲೇಬಾರದು. ಕೆಟ್ಟ ಕೆಲಸ ಬಿಚ್ಚಿ ಸರಿಮಾಡುವುದು ಹೊಸದಾಗಿ ಕಟ್ಟುವುದಕ್ಕಿಂತ ಕಷ್ಟ. ಹಾಗಾಗಿ ಪೆಟ್ಟಿಗೆ ಒಡೆಯದ ಭಾಗಕ್ಕಿಂತ ಜೋಡಿಸಿಟ್ಟ ಭಾಗವೇ ಅಗ್ಗವಾಗಿ ಸಿಗಬೇಕು.

ಕೆಲಸದ ಗುಣ ರಿವೆಟ್‌ನಲ್ಲಿ ಕಾಣುತ್ತದೆ. 3.2 ಮಿ.ಮೀ. ದಪ್ಪದ ರಿವೆಟ್ ಬಡಿದಾಗ ಒಳಬದಿಯಲ್ಲಿ ಮೂಡುವ ತಲೆ ಸುಮಾರು 4.8 ಮಿ.ಮೀ. ಅಗಲ, 1.6 ಮಿ.ಮೀ. ಎತ್ತರ ಇರಬೇಕು. ಟಾರ್ಚು, ಪುಟ್ಟ ಕನ್ನಡಿ ಹಿಡಿದು ರೆಕ್ಕೆಯೊಳಗೆ ಇಣುಕಿದರೆ ಓರೆಯಾಗಿ ಮಡಿಚಿಕೊಂಡ ತಲೆ, ಸುತ್ತಿಗೆ ಜಾರಿದ ಗುರುತು, ತಗಡಿನ ಅಂಚಿಗೆ ತೀರಾ ಹತ್ತಿರ ಕೊರೆದ ತೂತು ಎಲ್ಲ ಕಾಣಸಿಗುತ್ತವೆ. ತೂತಿನ ನಡುವಿನಿಂದ ಅಂಚಿಗೆ ರಿವೆಟ್ ದಪ್ಪದ ಎರಡು ಪಟ್ಟಾದರೂ ಅಂತರ ಬೇಕು. ಇಲ್ಲದಿದ್ದರೆ ಮುಂದೆ ಬಿರುಕು ಹುಟ್ಟುವುದು ಅಲ್ಲೇ.

ಫೈಬರ್ ಗ್ಲಾಸ್ ವಿಮಾನದ ಕಥೆ ಬೇರೆ. ಅಮೆರಿಕದ ಬರ್ಟ್ ರೂಟಾನ್ ರೂಪಿಸಿದ ಲಾಂಗ್-ಈಝಡ್‌ನಲ್ಲಿ ಫೋಮ್ ತಿರುಳಿನ ಮೇಲೆ ಗಾಜಿನ ಬಟ್ಟೆ ಹಾಸಿ ಎಪಾಕ್ಸಿ ಹಚ್ಚುತ್ತಾರೆ. ಅದರ ನಕ್ಷೆಗಳ ಮಾರಾಟವನ್ನು ರೂಟಾನ್ 1985ರಲ್ಲೇ ನಿಲ್ಲಿಸಿದರು. ಹೀಗಾಗಿ ಆ ವಿಮಾನ ಬೇಕೆಂದವರು ಹಳಬರ ಅರ್ಧಂಬರ್ಧ ಕೆಲಸವನ್ನೇ ಹುಡುಕಿ ಕೊಳ್ಳುತ್ತಾರೆ. ಬೆಂಗಳೂರಿನ ಎನ್‌ಎಎಲ್ ಕೂಡ ಇದೇ ವಿನ್ಯಾಸ ಆಧರಿಸಿ ಎಲ್‌ಸಿಆರ್‌ಎ ಎಂಬ ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. 1993ರಲ್ಲಿ ಮೊದಲು ಹಾರಿದ ಎನ್‌ಎಎಲ್‌ನ ಹಂಸ ವಿಮಾನದ ಮೈಯೂ ಇಂಥದ್ದೇ. ಈ ಮೈಯಲ್ಲಿ ಪದರ ಬಿಟ್ಟಿದ್ದರೆ ಕಣ್ಣಿಗೆ ಕಾಣದು, ಬಣ್ಣ ಬಳಿದಿದ್ದರಂತೂ ಇಲ್ಲವೇ ಇಲ್ಲ. ನಾಣ್ಯದಿಂದ ಮೆಲ್ಲಗೆ ಬಡಿಯುತ್ತಾ ಹೋಗಬೇಕು. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಅಟ್ಟದ ಕಾಯಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಕಳಚಿದೆಯೇ ಎಂದು ಕಿವಿಯಲ್ಲೇ ತಿಳಿಯುವ ತಿಪಟೂರು ಸೀಮೆಯವರಿಗೆ ಈ ಪರೀಕ್ಷೆ ಹೇಳಿಕೊಡಬೇಕಿಲ್ಲ.

ಕಟ್ಟಿದವನ ತಪ್ಪಿಲ್ಲದೆಯೂ ಭಾಗ ಕೆಟ್ಟಿರಬಹುದು. ಕಿಟ್ ಲೋಕದ ದೊಡ್ಡ ಹೆಸರಾದ ಆರಿಗಾನ್‌ನ ವ್ಯಾನ್ಸ್ ಏರ್‌ಕ್ರಾಫ್ಟ್ ಕೆಲಕಾಲ ಲೇಸರ್‌ನಿಂದ ಕತ್ತರಿಸಿ ಕಳಿಸಿದ ಭಾಗಗಳ ತೂತುಗಳ ಸುತ್ತ ಬಿರುಕು ಕಂಡುಬಂತು. ಬದಲಿ ಭಾಗಗಳ ಹೊರೆಯೂ ಸೇರಿ ಕಂಪನಿ 2023ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆ ಕೋರಿತು. ಆ ಅವಧಿಯ ಕಿಟ್ ಕೊಳ್ಳುವವರು ಭಾಗಗಳು ಬಂದ ತಾರೀಖು, ಬದಲಾದವು ಯಾವುವು ಎಂಬುದನ್ನು ರಸೀತಿಯಲ್ಲೇ ನೋಡಬೇಕು. ಎಂಜಿನ್ನಿನದೂ ಹಾಗೆಯೇ. ರೋಟಾಕ್ಸ್ 912 ಒಂದು ಗಂಟೆಯೂ ಓಡದೆ ಕೂತಿದ್ದರೂ ಅದರ ರಬ್ಬರ್ ಪೈಪುಗಳನ್ನು 5 ವರ್ಷಕ್ಕೆ ಬದಲಿಸಬೇಕು.

ಎಲ್ಲಕ್ಕಿಂತ ಮುಖ್ಯ, ಕಟ್ಟಿದವನ ಲಾಗ್‌ಬುಕ್. ಅಮೆರಿಕದಲ್ಲಿ ಹವ್ಯಾಸಿ ವಿಮಾನವೆಂದು ಒಪ್ಪಬೇಕಾದರೆ ಕೆಲಸದ ಅರ್ಧಕ್ಕಿಂತ ಹೆಚ್ಚನ್ನು ಹವ್ಯಾಸಿಗಳೇ ಮಾಡಿರಬೇಕು. ಹಿಂದಿನ ಹವ್ಯಾಸಿಯ ಕೆಲಸವೂ ಲೆಕ್ಕಕ್ಕೆ ಬರುತ್ತದೆ, ಆದರೆ ಅದಕ್ಕೆ ಆಧಾರ ಬೇಕು. ರೆಕ್ಕೆಯ ಕೊನೆಯ ತಗಡು ಮುಚ್ಚುವ ಮೊದಲು ತೆಗೆದ ಫೋಟೊಗಳಿದ್ದರೆ ನಾನಾದರೆ ಬೆಲೆ ಕೊಂಚ ಹೆಚ್ಚಾದರೂ ಕೊಡುತ್ತೇನೆ.

ನಮ್ಮಲ್ಲಿ ದಾರಿ ಇನ್ನೂ ಕಿರಿದು. ಮುಂಬೈನ ಮನೆಯ ತಾರಸಿಯಲ್ಲಿ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನೋಂದಣಿ ದೊರೆತದ್ದು 2017ರಲ್ಲಿ, ಹಾರಾಟದ ಪರವಾನಗಿ 2019ರಲ್ಲಿ. ಪ್ರತಿ ಹಂತವನ್ನೂ ತಾವೇ ಕಟ್ಟಿದವರ ಪಾಡೇ ಹೀಗಿತ್ತು. ಬೇರೆಯವರ ಕೆಲಸ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಡಿಜಿಸಿಎಗೆ ಬರೆದು ಯಾವ ದಾಖಲೆ ಬೇಕೆಂದು ಕೇಳಿಕೊಳ್ಳಬೇಕು, ಲಾಗ್‌ಬುಕ್ಕಿನ ಪ್ರತಿಯನ್ನು ಆ ಪತ್ರದ ಜೊತೆಗೇ ಇಡಬೇಕು.