ಮಂಡಿ ಬದಲಾವಣೆ: ಎರಡೂ ಒಮ್ಮೆಲೇ ಬೇಕೇ?

ಮೆಟ್ಟುಕತ್ತಿಯ ಮುಂದೆ ಕುಳಿತು ಮೀನು ಕೊಯ್ಯುವುದು, ಕುಕ್ಕರುಗಾಲಿನಲ್ಲಿ ಬಟ್ಟೆ ಒಗೆಯುವುದು, ನೆಲದ ಮೇಲೆ ಊಟ, ನಮಾಝ್... ಶಿರೂರಿನಂಥ ಕರಾವಳಿಯ ಊರುಗಳಲ್ಲಿ ಹೆಂಗಸರ ದಿನಚರಿಯೆಲ್ಲ ಮಂಡಿಯನ್ನೇ ನಂಬಿಕೊಂಡಿದೆ. ವಯಸ್ಸಾಗುತ್ತಾ ಅದೇ ಮಂಡಿ ಸವೆದಾಗ ಮನೆಯೊಳಗಿನ ನಾಲ್ಕು ಹೆಜ್ಜೆಯೂ ಕಷ್ಟವಾಗುತ್ತದೆ.

ಮಂಡಿ ನೋವಿಗೆಲ್ಲ ಶಸ್ತ್ರಚಿಕಿತ್ಸೆಯೇ ಮದ್ದಲ್ಲ. ತೂಕ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ಔಷಧಿ ಇವುಗಳಿಂದಲೂ ಗುಣ ಕಾಣದೆ, ನೋವಿನಿಂದ ರಾತ್ರಿ ನಿದ್ದೆಯೂ ಕೆಟ್ಟಾಗ ಕೀಲು ಬದಲಾವಣೆಯ ಮಾತು ಬರುತ್ತದೆ. ಇದರಲ್ಲಿ ಸವೆದ ಮೂಳೆಯ ತುದಿಗಳನ್ನು ತೆಳುವಾಗಿ ಕತ್ತರಿಸಿ ಲೋಹದ ಹೊದಿಕೆ ಕೂರಿಸಿ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಹಾಸು ಇಡುತ್ತಾರೆ.

ಎರಡೂ ಮಂಡಿ ಹಾಳಾಗಿದ್ದರೆ? "ಮಗ ಗಲ್ಫಿನಿಂದ ರಜೆಯಲ್ಲಿ ಬಂದಿದ್ದಾನೆ, ಎರಡನ್ನೂ ಒಟ್ಟಿಗೆ ಮುಗಿಸಿಬಿಡೋಣ" ಎನ್ನುವ ಮನೆಗಳು ಹಲವು. ಅದರಲ್ಲಿ ಅನುಕೂಲವಿದೆ ನಿಜ. ಅರಿವಳಿಕೆ ಒಂದೇ ಸಲ, ಆಸ್ಪತ್ರೆವಾಸ ಒಂದೇ ಸಲ, ಆರೈಕೆಯೂ ಒಂದೇ ಸಲ. ಎರಡೂ ಕಾಲು ಬಹಳ ಬಾಗಿದವರಿಗೆ ಒಂದನ್ನೇ ನೆಟ್ಟಗೆ ಮಾಡಿದರೆ ನಡೆಯುವ ಅಭ್ಯಾಸ ಕಷ್ಟವಾಗುವುದೂ ಉಂಟು. ಒಟ್ಟು ಖರ್ಚೂ ಸ್ವಲ್ಪ ಕಡಿಮೆ. ಆದರೆ ಕೀಲಿನ ಬೆಲೆ ಉಳಿಯುವುದಿಲ್ಲ. ಹೇಗೆ ಮಾಡಿದರೂ ಎರಡು ಕೀಲು ಬೇಕೇ ಬೇಕು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಇವುಗಳ ಬೆಲೆಗೆ ಮಿತಿ ಹಾಕಿದಾಗ ಸಾಮಾನ್ಯವಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಗಿತ್ತು.

ಇನ್ನು ಅಪಾಯದ ಕಡೆ ನೋಡೋಣ. ಒಟ್ಟಿಗೆ ಮಾಡಿದಾಗ ರಕ್ತ ಹೆಚ್ಚು ಹೋಗುತ್ತದೆ, ರಕ್ತ ಕೊಡಬೇಕಾದ ಸಂದರ್ಭವೂ ಹೆಚ್ಚು. ಹೃದಯದ ಮೇಲೆ ಭಾರ ಬೀಳುತ್ತದೆ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಭಯವೂ ಜಾಸ್ತಿ. ಆದ್ದರಿಂದ ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಅತಿಯಾದ ತೂಕ ಇರುವವರಿಗೂ ತೀರಾ ವಯಸ್ಸಾದವರಿಗೂ ವೈದ್ಯರು ಸಾಮಾನ್ಯವಾಗಿ ಒಂದೊಂದಾಗಿ ಮಾಡಿಸಲು ಹೇಳುತ್ತಾರೆ. ನಡುವೆ ಕೆಲವು ತಿಂಗಳ ಅಂತರವಿದ್ದರೆ ದೇಹ ಚೇತರಿಸಿಕೊಳ್ಳುತ್ತದೆ.

ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರಿಗೆ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ 2000ದ ಅಕ್ಟೋಬರ್‌ನಲ್ಲಿ ಎಡ ಮಂಡಿಗೆ, 2001ರ ಜೂನ್‌ನಲ್ಲಿ ಬಲ ಮಂಡಿಗೆ ಶಸ್ತ್ರಚಿಕಿತ್ಸೆ ನಡೆಯಿತು. ದೇಶದ ಪ್ರಧಾನಿಗೇ ಎಂಟು ತಿಂಗಳ ಅಂತರವಿತ್ತು ಎಂದಮೇಲೆ ನಮಗೇಕೆ ಅವಸರ?

ನಿರ್ಧಾರಕ್ಕೆ ಮುನ್ನ ವೈದ್ಯರಲ್ಲಿ ಕೇಳಿ:

* ನನ್ನ ಹೃದಯ ಎರಡನ್ನೂ ಒಮ್ಮೆಲೇ ತಡೆದುಕೊಳ್ಳುತ್ತದೆಯೇ?
* ಸಕ್ಕರೆಯ ಮೂರು ತಿಂಗಳ ಸರಾಸರಿ ಸರಿಯಿದೆಯೇ?
* ಏರುಪೇರಾದರೆ ಈ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ ಇದೆಯೇ?
* ಒಂದೇ ಮಂಡಿ ಮಾಡಿಸಿ ಇನ್ನೊಂದಕ್ಕೆ ಕಾಯಬಹುದೇ?

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ತಿಳಿಸಿ.

ಮನೆಗೆ ಬಂದ ಮೇಲಿನ ದಿನಗಳೂ ಮುಖ್ಯ. ಎರಡೂ ಕಾಲಿಗೆ ಒಟ್ಟಿಗೆ ಆದಾಗ ಊರಿ ನಿಲ್ಲಲು ಗಟ್ಟಿ ಕಾಲೊಂದು ಇರುವುದಿಲ್ಲ. ಏಳಿಸಿ ಕೂರಿಸಲು, ಶೌಚಾಲಯಕ್ಕೆ ಕರೆದೊಯ್ಯಲು ಮೊದಲ ವಾರಗಳಲ್ಲಿ ಜೊತೆಗೆ ಜನ ಬೇಕು. ಮಗನ ರಜೆ ಮುಗಿದ ಮೇಲೆ ಯಾರು ಎಂಬುದನ್ನು ಮೊದಲೇ ಯೋಚಿಸಿ. ವ್ಯಾಯಾಮ ಬಿಟ್ಟರೆ ಹೊಸ ಕೀಲೂ ಬಿಗಿಯಾಗುತ್ತದೆ. ಮನೆಯಲ್ಲಿ ಕಮೋಡ್ ಇರಲಿ, ಅಡುಗೆ ಕೆಲಸ ಮೇಜಿನ ಮೇಲಾಗಲಿ. ನೆಲಕ್ಕೆ ಮಂಡಿಯೂರಲು ಆಗದವರಿಗೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವ ಅನುಮತಿ ಇದ್ದೇ ಇದೆ.

ಶಸ್ತ್ರಚಿಕಿತ್ಸೆಯ ದಿನವನ್ನು ವಿಮಾನದ ಟಿಕೆಟ್ ನೋಡಿ ನಿಶ್ಚಯಿಸಬೇಡಿ, ತಾಯಿಯ ಆರೋಗ್ಯ ನೋಡಿ ನಿಶ್ಚಯಿಸಿ.