ಮಾವಿನ ಮರದ ವೇಷಗಾರ

ಮೊನ್ನೆ ಶಾಲೆ ಬಿಟ್ಟ ಮೇಲೆ ಹಿಂದೂಪುರದ ಹತ್ತಿರದ ನಮ್ಮ ತೋಟದಲ್ಲಿ ಮಾವಿನ ಒಣಕೊಂಬೆ ಸವರುತ್ತಿದ್ದೆ. ಜೊತೆಗಿದ್ದ ಹುಡುಗ “ಮೇಷ್ಟ್ರೇ, ಕೆಂಜಿಗ!” ಎಂದು ಕೈ ಕೊಡವಿದ. ಆ ಕೆಂಜಿಗ ನೆಲಕ್ಕೆ ಬೀಳದೆ ನೂಲು ಬಿಟ್ಟು ಗಾಳಿಯಲ್ಲಿ ತೂಗಾಡಿತು. ಬೆಳೆದ ಇರುವೆ ನೂಲು ಬಿಡುವುದುಂಟೆ? ಸೀಸೆಗೆ ಹಾಕಿ ಕಾಲು ಎಣಿಸಿದೆವು. ಎಂಟು! ಅದು ಜೇಡರ ಹುಳು.

ಇದು ಬಲೆ ಕಟ್ಟಿ ಕಾಯುವ ಜಾತಿಯಲ್ಲ, ಕಣ್ಣಿಟ್ಟು ಬೇಟೆ ಹಿಡಿಯುವ ಜಿಗಿಯುವ ಜೇಡಗಳ ಕುಲ. ಪಿಕಾರ್ಡ್-ಕೇಂಬ್ರಿಜ್ ಎಂಬ ಆಂಗ್ಲ ಪಾದ್ರಿ 1869ರಲ್ಲಿ ಸಿಂಹಳದ ಮಾದರಿಯಿಂದ ಇದನ್ನು ವರ್ಣಿಸಿದರು. ಶಾಸ್ತ್ರದಲ್ಲಿ ಇದರ ಹೆಸರು ಮಿರ್ಮಾಪ್ಲಾಟಾ ಪ್ಲಟಾಲಿಯಾಯ್ಡಿಸ್. ಹೆಸರು ಮರೆತರೂ ಚಿಂತೆಯಿಲ್ಲ, ವೇಷ ನೋಡಿರಿ. ಮುಂಗಾಲೆರಡನ್ನು ಎತ್ತಿ ಇರುವೆಯ ಮೀಸೆಯಂತೆ ಅಲ್ಲಾಡಿಸುತ್ತದೆ. ಮೈ ನಡುವೆ ಇರುವೆಯ ಹಾಗೆಯೇ ಸಣ್ಣ ಸೊಂಟ. ಗಂಡಿನ ದವಡೆ ಎಷ್ಟು ಉದ್ದವೆಂದರೆ ಇರುವೆಯೊಂದು ಇನ್ನೊಂದನ್ನು ಕಚ್ಚಿ ಒಯ್ಯುವಂತೆ ಕಾಣುತ್ತದೆ.

ಕೆಂಜಿಗ ಕಚ್ಚಿ ಗಾಯಕ್ಕೆ ಆಮ್ಲ ಸುರಿಯುತ್ತದೆ. ಹೀಗಾಗಿ ಅನೇಕ ಹಕ್ಕಿಗಳೂ ಬೇಟೆಯ ಹುಳುಗಳೂ ಅದರ ತಂಟೆಗೆ ಹೋಗುವುದಿಲ್ಲ. ಆ ಭಯವೇ ಜೇಡಕ್ಕೆ ರಕ್ಷೆ. ಆದರೆ ಜೇಡಕ್ಕೂ ಕೆಂಜಿಗವೆಂದರೆ ಅಂಜಿಕೆ: ಅದೇ ಮರದಲ್ಲಿದ್ದರೂ ಇರುವೆ ಎದುರಾದರೆ ಪಕ್ಕಕ್ಕೆ ಸರಿದುಬಿಡುತ್ತದೆ. ಕುಟುಕುವ ಬೇರೆ ಇರುವೆಗಳ ವೇಷ ಹಾಕುವ ಜೇಡಗಳೂ ಉಂಟು.

ಕಲ್ಯಾಣದುರ್ಗದ ಕಡೆಯ ಗೆಳೆಯರೊಬ್ಬರು ಹೋದ ವರ್ಷ ಮರಕ್ಕೆ ಇರುವೆ ಹತ್ತಿತೆಂದು ತೋಪಿಗೆಲ್ಲಾ ಔಷಧಿ ಹೊಡೆಸಿದರು. ದುಡ್ಡು ಹೋಯಿತು, ಜೇಡಗಳೂ ಹೋದವು. ಒಂದು ಜೇಡ ತೋಟವನ್ನು ಕಾಯುತ್ತದೆಂದು ನಾನು ಹೇಳಲಾರೆ. ಆದರೂ ಎಲೆಯ ಮೇಲಿನ ಸಣ್ಣಪುಟ್ಟ ಕೀಟಗಳನ್ನು ಕೂಲಿಯಿಲ್ಲದೆ ಹಿಡಿಯುವ ಆಳು ಅದು. ಕೆಂಜಿಗವಂತೂ ಚೀನಾದ ಕಿತ್ತಳೆ ತೋಟಗಳಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಕಾವಲಿಗಿದೆ. ಅಲ್ಲಿನ ರೈತರು ಗೂಡುಗಳನ್ನೇ ಕೊಂಡು ತಂದು ಮರಕ್ಕೆ ಕಟ್ಟುತ್ತಿದ್ದರು. ಅದು ಹಿಟ್ಟು ತಿಗಣೆಯನ್ನು ಸಾಕುವುದೂ ನಿಜ. ತಿಗಣೆ ಕಂಡ ಕೊಂಬೆಯನ್ನಷ್ಟೇ ನೋಡಿಕೊಂಡರೆ ಸಾಲದೆ?

ಬೆಳಗಿನ ಹೊತ್ತು ಎಲೆಯ ಮೇಲೆ ಒಂಟಿಯಾಗಿ, ನಿಂತು ನಿಂತು ನಡೆಯುವ “ಇರುವೆ” ಕಂಡರೆ ಕಡ್ಡಿಯಿಂದ ಮೆಲ್ಲನೆ ತಟ್ಟಿರಿ. ನೂಲು ಬಿಟ್ಟಿತೋ, ಜೇಡವೇ. ನಮ್ಮ ಸೀಸೆಯದನ್ನು ಹುಡುಗ ಮರುದಿನ ಅದೇ ಕೊಂಬೆಗೆ ಬಿಟ್ಟ.