ನಿಂತ ಮೋಟಾರು ಗಾಡಿಯ ಕೂಗು

ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತಿಗೆ ದಿನವೂ ಹುಲ್ಲು ನೀರು ಬೇಕೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿಲ್ಲಿಸಿಟ್ಟ ಮೋಟಾರು ಗಾಡಿಯೂ ಹಾಗೆಯೇ ಪೋಷಣೆಯನ್ನು ಬೇಡುವುದೆಂಬ ಸಂಗತಿ ಮಾತ್ರ ಅನೇಕ ಗೃಹಸ್ಥರಿಗೆ ತಿಳಿಯದು. ಮಕ್ಕಳು ಮೈಸೂರು ಬೆಂಗಳೂರುಗಳಲ್ಲಿ ಉದ್ಯೋಗದಲ್ಲಿದ್ದು, ವೃದ್ಧರಾದ ತಾಯಿತಂದೆಗಳಷ್ಟೇ ಇರುವ ಮನೆಗಳು ಚಾಮರಾಜನಗರದಲ್ಲಿಯೂ ಗುಂಡ್ಲುಪೇಟೆಯಲ್ಲಿಯೂ ಹಲವು. ಅಂಥಲ್ಲಿ ಕಾರು ವಾರಗಟ್ಟಲೆ ನಿಂತಿರುತ್ತದೆ. ಒಂದು ರಾತ್ರಿ ಅದರ ಅಲಾರಂ ತಾನಾಗಿ ಕೂಗಿ ಬೀದಿಯನ್ನೆಲ್ಲಾ ಎಬ್ಬಿಸುತ್ತದೆ, ಕಳ್ಳನೇನೂ ಬಂದಿರುವುದಿಲ್ಲ. ಬೆಳಿಗ್ಗೆ ಕೀಲಿಕೈ ತಿರುಗಿಸಿದರೆ ಇಂಜಿನು ಅಲುಗುವುದಿಲ್ಲ.

ಇವು ಬಹುಮಟ್ಟಿಗೆ ಒಂದೇ ರೋಗದ ಎರಡು ಲಕ್ಷಣಗಳು. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ೧೮೫೯ರಲ್ಲಿ ನಿರ್ಮಿಸಿದ ಸೀಸ-ಆಮ್ಲದ ಬ್ಯಾಟರಿಯ ಸಂತತಿಯೇ ಇಂದಿಗೂ ಬಹುತೇಕ ಕಾರುಗಳಲ್ಲಿದೆ. ಗಾಡಿ ನಿಂತಿದ್ದರೂ ಅಲಾರಂ, ಬಾಗಿಲಿನ ಬೀಗ, ಗಡಿಯಾರಗಳು ಅದರಿಂದ ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ೫೦ ಮಿಲಿ ಆಂಪಿಯರಿನಷ್ಟು ಹೀರಿದರೂ ದಿನಕ್ಕೆ ೧.೨ ಆಂಪಿಯರ್-ಗಂಟೆ ವ್ಯಯವಾಗುವುದು. ೩೫ ಆಂಪಿಯರ್-ಗಂಟೆಯ ಸಣ್ಣ ಬ್ಯಾಟರಿಯು ಈ ಲೆಕ್ಕದಲ್ಲಿ ಹದಿನೈದು ದಿನಗಳಿಗೆ ಅರ್ಧ ಬರಿದಾಗುತ್ತದೆ. ಹೀಗೆ ಶಕ್ತಿ ಕುಂದಿದಾಗ, ಯಾರೋ ತಂತಿಯನ್ನು ಕಡಿದರೆಂದು ಭ್ರಮಿಸಿ ಕೆಲವು ಗಾಡಿಗಳ ಅಲಾರಂ ಕೂಗಿಕೊಳ್ಳುತ್ತದೆ.

ಪರೀಕ್ಷೆಯನ್ನು ಕ್ರಮವಾಗಿ ನಡೆಸತಕ್ಕದ್ದು. ಇಡೀ ರಾತ್ರಿ ನಿಂತ ಗಾಡಿಯ ಬ್ಯಾಟರಿಯನ್ನು ಮಲ್ಟಿಮೀಟರಿನಿಂದ ಅಳೆಯಿರಿ. ೧೨.೬ ವೋಲ್ಟಿದ್ದರೆ ಪೂರ್ಣ, ೧೨.೨ ಇದ್ದರೆ ಸುಮಾರು ಅರ್ಧ; ೧೨ಕ್ಕಿಂತ ಕೆಳಗಿಳಿದರೆ ಬರಿದಾದಂತೆಯೇ. ಇಂಜಿನು ನಡೆಯುವಾಗ ಸಾಮಾನ್ಯವಾಗಿ ೧೪ರ ಆಸುಪಾಸಿನಲ್ಲಿರಬೇಕು. ಇಲ್ಲದಿದ್ದರೆ ಚಾರ್ಜು ಮಾಡುವ ಯಂತ್ರದಲ್ಲಿ ದೋಷವನ್ನು ಹುಡುಕಬೇಕು. ಬ್ಯಾಟರಿ ಪುಷ್ಟವಾಗಿದ್ದೂ ಅಲಾರಂ ಕೂಗಿದರೆ ಬಾನೆಟ್ಟಿನ ಮತ್ತು ಬಾಗಿಲುಗಳ ಸ್ವಿಚ್ಚುಗಳಲ್ಲಿ ತುಕ್ಕು ಧೂಳುಗಳನ್ನು ನೋಡಿರಿ. ಇಲಿ ಕಡಿದ ತಂತಿಯನ್ನೂ ಹುಡುಕಿರಿ. ಎರಡು ಮೂರು ದಿನಗಳಲ್ಲೇ ಬ್ಯಾಟರಿ ಇಳಿದುಹೋದರೆ ಯಾವುದೋ ದೀಪ ಅಥವಾ ಉಪಕರಣವು ಅದನ್ನು ಹೀರುತ್ತಿರಬಹುದು, ಬ್ಯಾಟರಿಯೇ ಮುಪ್ಪಾಗಿರಲೂಬಹುದು. ಇದನ್ನು ಮೆಕ್ಯಾನಿಕನು ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಪತ್ತೆಮಾಡಬಲ್ಲನು.

ಬೇರೊಂದು ಗಾಡಿಯಿಂದ ಶಕ್ತಿಯನ್ನು ಎರವಲು ಪಡೆಯುವಾಗ ಕೆಂಪು ತಂತಿಯನ್ನು ಮೊದಲು ಬರಿದಾದ ಬ್ಯಾಟರಿಯ ಧನಾಗ್ರಕ್ಕೆ, ಬಳಿಕ ಒಳ್ಳೆಯದರ ಧನಾಗ್ರಕ್ಕೆ ಸೇರಿಸಬೇಕು. ಕಪ್ಪನ್ನು ಒಳ್ಳೆಯದರ ಋಣಾಗ್ರಕ್ಕೆ ಹಾಕಿ, ಅದರ ಕೊನೆಯನ್ನು ಕೆಟ್ಟ ಗಾಡಿಯ ಇಂಜಿನಿನ ಬರಿಯ ಲೋಹಕ್ಕೆ ಕಚ್ಚಿಸಬೇಕು. ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿಗೆ ಸಿಡಿಯುವುದರಿಂದ ಬೀಡಿ, ಬೆಂಕಿಕಡ್ಡಿಗಳು ಹತ್ತಿರ ಸುಳಿಯಕೂಡದು. ಆಮ್ಲವು ಕಣ್ಣಿಗೆ ತಗುಲಿದರೆ ಧಾರಾಳವಾಗಿ ನೀರಿನಿಂದ ತೊಳೆದು ಕೂಡಲೆ ವೈದ್ಯರ ಬಳಿಗೆ ಹೋಗಬೇಕು.

ಬಂದ ಮೇಲೆ ಪರದಾಡುವುದಕ್ಕಿಂತ ಬಾರದಂತೆ ಕಾಯುವುದು ಲೇಸು. ಅಂಗಳದಲ್ಲಿ ಐದು ನಿಮಿಷ ಇಂಜಿನು ಓಡಿಸಿ ನಿಲ್ಲಿಸುವುದರಿಂದ ಹೊರಡಿಸಲು ವ್ಯಯವಾದುದೂ ಸರಿಯಾಗಿ ತುಂಬದೆ ಹೋಗಬಹುದು. ವಾರಕ್ಕೊಮ್ಮೆ ಚಾಮರಾಜನಗರದವರು ತೆರಕಣಾಂಬಿಯವರೆಗೆ ಹೋಗಿಬರಲಿ; ಗುಂಡ್ಲುಪೇಟೆಯವರೂ ಅದೇ ದಾರಿಯಲ್ಲಿ ಎದುರು ಬರಲಿ. ತಿಂಗಳುಗಟ್ಟಲೆ ಪರಸ್ಥಳಕ್ಕೆ ಹೋಗುವವರು ಋಣಾಗ್ರದ ತಂತಿಯನ್ನು ಕಳಚಿಡಬಹುದು. ಆದರೆ ಆಗ ಅಲಾರಂ ಕಾವಲು ಕಾಯದೆಂಬುದು ನೆನಪಿರಲಿ.

ಇದು ಬರಿಯ ಅನುಕೂಲದ ಮಾತಲ್ಲ. ಬಂಡೀಪುರದ ಕಾಡುದಾರಿಯಲ್ಲಿ ೨೦೦೯ರಿಂದ ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಸುಲ್ತಾನ್ ಬತ್ತೇರಿಗೋ ಊಟಿಗೋ ಸಂಜೆ ಹೊರಡಬೇಕಾದವರ ಗಾಡಿ ಅಂಗಳದಲ್ಲೇ ಮೊಂಡುಹಿಡಿದರೆ ಆ ರಾತ್ರಿಯೇ ಕಳೆದುಹೋಗುತ್ತದೆ. ಕಾಡಿನ ನಡುವೆ ನಿಂತರಂತೂ ಕೆಳಗಿಳಿಯುವುದೇ ಅಪಾಯ. ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದಾಗ ಅಂಗಳದ ಕಾರು ಹೊರಡದಿದ್ದರೆ ಅದನ್ನು ಇಟ್ಟುಕೊಂಡ ಪ್ರಯೋಜನವೇನು? ಗೃಹಸ್ಥರು ಪಂಚಾಂಗದಲ್ಲಿ ವಾರಕ್ಕೊಂದು ದಿನವನ್ನು ಗಾಡಿಗೆಂದು ಗುರುತಿಸಿಡಲಿ.